ಎಡಗಡೆಯ ಪೆಟ್ಟಿಗೆ

ಮಿಲ್ಲಿನ ಇಂಜಿನ್ನಿಗೆ ಬೆಲ್ಟಿನ ಪಟ್ಟಾ ತರಲಿಕ್ಕೆ ರಾಯಚೂರಿಗೆ ಹೋಗುತ್ತೇನೆಂದು ಹೆಂಡತಿಗೆ ಹೇಳಿ ಹೊರಬಿದ್ದ ವಿರೂಪಣ್ಣ, ಮಾನ್ವಿಯ ಬಸ್ ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಆ ಸುಳ್ಳು ತನಗೆ ಯಾತಕ್ಕೆ ಬೇಕಾಗಿತ್ತು ಎಂದು ಕಸಿವಿಸಿಪಡತೊಡಗಿದ್ದ. ಶಿವಬಸಮ್ಮ ಬೇಡ ಎನ್ನುವವಳಲ್ಲ. ಪೋತ್ನಾಳದ ಮಿಲ್ಲು ಚೆನ್ನಾಗಿಯೇ ನಡೆದಿತ್ತು. ಮಾಳಿಗೆಯ ಕೋಣೆಯಲ್ಲಿ ರೆಕಾರ್ಡು ಹಚ್ಚಿಕೊಂಡು ಕೂಡುವುದೊಂದು ಬಿಟ್ಟರೆ ಅವನಿಗೆ ಬೇರೆ ಚಟವಿರಲಿಲ್ಲ. ಹೊಸ ಸ್ಟೀರಿಯೋ ಸೆಟ್ಟು ನೋಡಿ ಬರುತ್ತೇನೆ ಎಂದಿದ್ದರೆ, ನೋಡಿ ಬರ್ರಿ ಅನ್ನುತ್ತಿದ್ದಳು. ಆದರೆ ಹಾಗೆ ಅಂದಮೇಲೆ ಗಂಡನ ಗೆಳೆಯನ ಹೆಸರೆತ್ತಿ, ಬುರ್ಹಾನುದ್ದೀನಣ್ಣಗ ಹೇಳೀರೇನು ಎಂದು ಕೇಳುತ್ತಿದ್ದಳು. ಆ ಪ್ರಶ್ನೆಗೆ ಹೆದರಿಯೇ ಅವನು ಪಟ್ಟಾದ ನೆಪದ ಹಿಂದೆ ಅಡಗಿಕೊಂಡದ್ದು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ಅದು ದಿಲ್ಲಿಯಲ್ಲಿ ಏಷ್ಯಾಡ್ ಆಟಗಳಾದ ಮರುವರ್ಷ. ರಾಯಚೂರಿನಲ್ಲಿ ಅನುಕೂಲಸ್ಥರ ಮನೆಯ ಮೇಲೆಲ್ಲ ಟಿ.ವಿ.ಯ ಕಡ್ಡಿಗಳು ಎದ್ದಿದ್ದವು, ಮದುವೆಗಳಲ್ಲಿ ಜನ ವರನ ಗುಣಕ್ಕಿಂತ ಟೇಪ್ ರೆಕಾರ್ಡರಿನ ಗುಣ ಹೆಚ್ಚು ಮಾತಾಡುತ್ತಿದ್ದರು. ಅಂಥ ಆಸೆ ತನ್ನದಲ್ಲ ಎಂದು ವಿರೂಪಣ್ಣ ತನಗೆ ತಾನೇ ಹೇಳಿಕೊಂಡ. ತನಗೆ ಬೇಕಾದದ್ದು ಬರೀ ಸಂಗೀತ. ತಾನು ಕೇಳುವ ಗಾಯಕರ ದನಿ ಎರಡು ವರ್ಷದಿಂದ ಕೌದಿ ಹೊದ್ದುಕೊಂಡು ಬರುತ್ತಿತ್ತು. ಎಡಗಡೆಯ ಸ್ಪೀಕರ್ ಪೆಟ್ಟಿಗೆಯಂತೂ ಸತ್ತೇಹೋದಂತಿತ್ತು. ಅದಕ್ಕೆ ಯಾರೇನು ಮಾಡಬೇಕು?

ಕಲ್ಲೂರಿನಲ್ಲಿ ಬಸ್ಸು ತುಂಬಿತು. ಎಡಗಡೆ ಬಂದು ಕೂತ ಹೆಂಗಸೊಬ್ಬಳು ಮೊಣಕೈಯಿಂದ ಅವನನ್ನು ತಿವಿದಳು. ತಿರುಗಿ ನೋಡಿದರೆ ಸಿಟ್ಟಾಗಿದ್ದಾಳೆ. "ಆಗಿಂದ ಕೇಳಾಕತ್ತೀನಿ, ಆ ಚೀಲ ಸ್ವಲ್ಪ ಸರಸ್ರಿ ಅಂತ. ಕೇಳದವರಂಗ ಕುಂತೀರಲ್ಲ!" ಎಂದಳು. ಅವನು ಚೀಲ ಸರಿಸಿದ. ಅವಳು ಮುಂದಿನ ಸೀಟಿನವಳಿಗೆ, ಸಾವ್ಕಾರ್ರ ಸೊಕ್ಕು ನೋಡು, ಎಂದದ್ದು ಚೆನ್ನಾಗಿಯೇ ಕೇಳಿಸಿತು. ಬಸ್ಸಿನ ಗದ್ದಲದಲ್ಲಿ ಯಾರಿಗೆ ಏನು ಕೇಳುತ್ತದೆ ಎಂದು ವಾದಿಸಬೇಕೆನ್ನಿಸಿ, ಬಿಟ್ಟ. ಹೊರಗೆ ಗದ್ದೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಸೊಕ್ಕು. ಮೊನ್ನೆ ಭಾನುವಾರ ತನ್ನ ಮಾಳಿಗೆಯಿಂದ ಬುರ್ಹಾನುದ್ದೀನ ಮೆಟ್ಟಿಲಿಳಿಯುವಾಗ ಮನಸ್ಸಿನಲ್ಲಿ ಅದೇ ಮಾತು ಅಂದುಕೊಂಡಿರಬೇಕು. ಬಾಯಲ್ಲಿ ಏನೂ ಅಂದಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ದೇವದುರ್ಗದ ಬಸ್ಸಿಗೆ ಹೊತ್ತಾತು ಎಂದಿದ್ದ. ಆ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಅವರಿಬ್ಬರೂ ಮಾನ್ವಿಯ ಸಾಲೆಯಲ್ಲಿ ಒಂದೇ ಬೆಂಚಿನವರು. ಬುರ್ಹಾನುದ್ದೀನನ ಅಪ್ಪ ಬಡಗಿ. ಮಗ ದೇವದುರ್ಗಕ್ಕೆ ಹೋಗಿ ಕಟ್ಟಿಗೆ ಅಡ್ಡೆ ಹಾಕಿದ, ಮನೆ ಕಟ್ಟಿಸಿದ, ಅಪ್ಪನ ಉಳಿ ಬಾಚಿಗಳನ್ನು ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿಟ್ಟ. ಒಂದೇ ಒಂದು ಸಲ ಅವನ್ನು ಹೊರಗೆ ತೆಗೆದದ್ದು ವಿರೂಪಣ್ಣನಿಗಾಗಿ. ಹಳೆಯ ವಾಡೆಯೊಂದರ ಸಾಗುವಾನಿ ಬಾಗಿಲು ಕೊಂಡು, ಒಂದು ಮಳೆಗಾಲ ಪೂರ್ತಿ ಅಡ್ಡೆಯ ಕೆಲಸ ಬಿಟ್ಟು, ಅವನ ರೆಕಾರ್ಡ್ ಪ್ಲೇಯರಿಗೆ ಎರಡು ಸ್ಪೀಕರ್ ಪೆಟ್ಟಿಗೆ ಮಾಡಿಕೊಟ್ಟಿದ್ದ. ಆಮೇಲೆ ಭಾನುವಾರ ಮಧ್ಯಾಹ್ನಗಳೆಲ್ಲ ಆ ಪೆಟ್ಟಿಗೆಗಳ ಮುಂದೆ ಕಳೆದವು. ಹೈಸ್ಕೂಲಿನ ಶರಣಯ್ಯ ಮಾಸ್ತರರೂ ಬಂದು ಸೇರಿಕೊಂಡರು. ಮೊನ್ನೆ ಮಾಸ್ತರರು ಹೈದರಾಬಾದಿನ ತಮ್ಮ ಭಾವಮೈದುನನನ್ನು ಕರಕೊಂಡು ಬಂದಿದ್ದರು. ಬೆಳ್ಳಗಿನ ಸಫಾರಿ ತೊಟ್ಟ ಆ ಮನುಷ್ಯ ರೆಕಾರ್ಡು ಮುಗಿಯುವವರೆಗೂ ಗಡಿಯಾರ ನೋಡಿಕೊಂಡು, ಕೊನೆಗೆ ಪೆಟ್ಟಿಗೆಯ ಮೇಲೆ ಬೆರಳು ಬಡಿದು, ಇವು ಯಾವ ಕಂಪನಿಯವು ಎಂದು ನಕ್ಕ. ವಿರೂಪಣ್ಣನೂ ನಕ್ಕ. "ಕಂಪನಿ ಎಲ್ಲಿದ್ರಿ, ನಮ್ಮ ಪರಿಚಯದ ಒಬ್ಬ ಬಡಗಿ ಮಾಡಿದ್ದು. ಕಟ್ಟಿಗಿ ಹಸೀ ಇತ್ತೋ ಏನೋ, ಎಡದ್ದು ಸತ್ತೇಹೋತು. ಬದಲಸಬೇಕ್ರಿ" ಅಂದುಬಿಟ್ಟ. ಬುರ್ಹಾನುದ್ದೀನ ಅಲ್ಲೇ ಗೋಡೆಗೊರಗಿ ಕೂತಿದ್ದ. ಹೈದರಾಬಾದಿನವನು ಅವನ ಕಡೆ ನೋಡಲೂ ಇಲ್ಲ. ಮಾಸ್ತರರು ನೆಲ ನೋಡಿದರು. ಇಷ್ಟೆಲ್ಲ ವಿರೂಪಣ್ಣನಿಗೆ ಆಗಲೇ ಕಂಡಿತ್ತು, ಕಂಡೂ ಅವನು ಮಾತು ಮುಂದುವರಿಸಿದ್ದ. ಜಪಾನಿನ ಸೆಟ್ಟುಗಳ ವಿಷಯ ಹೈದರಾಬಾದಿನವನನ್ನು ಕೇಳುತ್ತ, ಹಳ್ಳಿಯ ಹುಡುಗನೊಬ್ಬ ಪರಸ್ಥಳದ ಸಾಹೇಬರ ಮುಂದೆ ನಿಂತ ಹಾಗೆ ತಾನು ಕೈ ಹೊಸೆಯುತ್ತಿದ್ದೇನೆಂಬುದೂ ಅವನಿಗೆ ಗೊತ್ತಾಗುತ್ತಿತ್ತು.

ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರದ ಗಲ್ಲಿಯಲ್ಲಿ ಸಲಾವುದ್ದೀನನ ರೇಡಿಯೋ ಅಂಗಡಿ. "ಬರ್ರಿ ಸಾವ್ಕಾರ್ರ, ನಿಮ್ಮ ಸಲುವಾಗೇ ಇಟ್ಟೀನಿ" ಎಂದು ಅವನು ಒಳಗಿನ ಕೋಣೆಗೆ ಕರಕೊಂಡು ಹೋದ. ಗೋಡೆಗೆಲ್ಲ ದಪ್ಪ ಪರದೆ. ಎದುರಿಗೆ ಮನುಷ್ಯನ ಎದೆಮಟ್ಟದ ಎರಡು ಕಪ್ಪು ಸ್ಪೀಕರು, ನಡುವೆ ಬೆಳ್ಳಿಬಣ್ಣದ ಯಂತ್ರ, ಅದರಲ್ಲಿ ಹಸಿರು ದೀಪಗಳು ದನಿಗೆ ತಕ್ಕಂತೆ ಏರಿ ಇಳಿಯುತ್ತಿದ್ದವು. ಕುರ್ಚಿಯ ಮೇಲೆ ಕೂತು ಕಣ್ಣು ಮುಚ್ಚಿದ. ಹಾಡು ಸುರುವಾಯಿತು. ಬಲಗಡೆಯಿಂದ ಸಾರಂಗಿ ಎಷ್ಟು ಹತ್ತಿರ ಬಂತೆಂದರೆ ಮೈ ಜುಮ್ಮೆಂದಿತು. ಇದೇ, ಇದನ್ನೇ ತಾನು ಕಳಕೊಂಡದ್ದು ಎನ್ನಿಸಿತು. ಆದರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅದೇ ಕಸಿವಿಸಿ. ಇಲ್ಲೂ ಎಡಗಡೆ ಗೋಡೆಯಿದ್ದ ಹಾಗೆ. ತಬಲಾ ಎಲ್ಲೋ ಪಕ್ಕದ ಮನೆಯಲ್ಲಿ ಬಾರಿಸಿದಂತೆ. ಕಣ್ಣು ತೆರೆದು, ತಿಳಿದವರ ಗತ್ತಿನಲ್ಲಿ, "ಎಡದ್ದು ಸ್ವಲ್ಪ ಕಮ್ಮಿ ಅದಲ್ಲ?" ಎಂದ.

ಸಲಾವುದ್ದೀನ ಬಗ್ಗಿ ಕೇಳಿದ. ವೈರು ಬಿಚ್ಚಿ ಮತ್ತೆ ಹಾಕಿದ. "ಇಲ್ರೀ, ಎರಡೂ ಬರಾಬರ್ ಅದಾವ" ಎಂದು, ಸಾವಕಾರನಿಗೆ ಬೇಸರವಾಗಬಾರದೆಂದು, "ಕೋಣಿ ದೋಷ ಇರಬಹುದ್ರಿ. ತಡೀರಿ, ಇದನ್ನ ಹಾಕ್ಕೊಂಡು ಕೇಳ್ರಿ" ಎನ್ನುತ್ತ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು ತಂದ. ಎರಡು ಕಿವಿಗೆ ಎರಡು ಮೆತ್ತನೆಯ ಬಟ್ಟಲು. ಬಲದ ಬಟ್ಟಲಲ್ಲಿ ಸಾರಂಗಿ. ಎಡದ ಬಟ್ಟಲಲ್ಲಿ ಏನೂ ಇಲ್ಲ. "ನೋಡು, ಎಡದ್ದು ಬರಾಂಗಿಲ್ಲ" ಎಂದ ವಿರೂಪಣ್ಣ. ಗೆದ್ದ ಹಾಗೆ ಅನ್ನಿಸಿತ್ತು. ಸಲಾವುದ್ದೀನ ಅದನ್ನು ತನ್ನ ಕಿವಿಗಿಟ್ಟು ಕೇಳಿ, ತಲೆ ಕೆರೆದುಕೊಂಡು, ಈ ಸಲ ತಿರುವು ಮುರುವು ಮಾಡಿ ಅವನಿಗೆ ಹಾಕಿದ. ಎಡದ ಬಟ್ಟಲು ಬಲಗಿವಿಗೆ, ಬಲದ್ದು ಎಡಗಿವಿಗೆ. ಈಗ ಬಲಗಿವಿಯಲ್ಲಿ ತಬಲಾ ಬಾರಿಸತೊಡಗಿತು, ಒಂದೊಂದು ಬೆರಳೂ ಬೇರೆಬೇರೆಯಾಗಿ, ಖಣಖಣ. ಆಗಿನಿಂದ ಸಾರಂಗಿ ನುಡಿದಿದ್ದ ಬಟ್ಟಲು ಈಗ ಎಡಗಿವಿಯ ಮೇಲೆ ಸುಮ್ಮನೆ ಕೂತಿತ್ತು.

ವಿರೂಪಣ್ಣ ಹಾಗೇ ಕೂತ. ಹಸಿರು ದೀಪಗಳು ಏರಿ ಇಳಿದವು. ಮಿಲ್ಲಿನ ಮುಂದಿನ ಕೋಣೆಯಲ್ಲಿ ತಾನು ಕೂಡುವ ಗಾದಿ, ಅದರ ಎಡಕ್ಕೆ ತೆಳುವಾದ ತಗಡಿನ ಗೋಡೆ, ಗೋಡೆಯಾಚೆ ಅಪ್ಪನ ಕಾಲದಿಂದ ಹಗಲೆಲ್ಲ ಬಡಕೊಳ್ಳುವ ಇಂಜಿನ್ನು. ಅದು ಕಣ್ಣಿಗೆ ಕಟ್ಟಿತು. ಗಾದಿಯನ್ನು ಆಚೆ ಬದಿಗೆ ಹಾಕ್ರಿ ಎಂದು ಯಾರೋ ಹೇಳಿದ್ದರು. ಯಾರು? ತಾನು ಈ ಬದಿಯಿಂದಲೇ ರಸ್ತೆ ಕಾಣುತ್ತದೆ ಎಂದಿದ್ದ. "ಈಗ ಬಂತೇನ್ರಿ?" ಎಂದು ಸಲಾವುದ್ದೀನ ಬಾಯಿ ಆಡಿಸುತ್ತಿದ್ದ. "ಹಾಂ, ಬಂತು. ಚೊಲೋ ಅದ" ಎಂದ ವಿರೂಪಣ್ಣ. ಮತ್ತೆ, ಅವನು ಪ್ರಶ್ನೆ ಮಾಡದಿದ್ದರೂ, "ಎರಡೂ ಕಡೆ ಚೊಲೋ ಅದ" ಎಂದ. ಮುಖ ಬೆವೆತಿತ್ತು. ವಿಚಾರ ಮಾಡಿ ಹೇಳ್ತೀನಿ ಎಂದು ಹೊರಬಂದು, ಗಲ್ಲಿಯ ತಿರುವಿನಲ್ಲಿ ಯಾರೂ ಇಲ್ಲದ್ದು ನೋಡಿ, ಎಡಗಿವಿಯ ಹತ್ತಿರ ಬೆರಳಿಗೆ ಬೆರಳು ತಿಕ್ಕಿದ. ಬಲಗಿವಿಯ ಹತ್ತಿರ ತಿಕ್ಕಿದ. ಸಪ್ಪಳ ಬಲಕ್ಕೆ ಮಾತ್ರ ಬಂತು. ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆಂದು ಗೊತ್ತಾದ ಮೇಲೂ, ಕೈ ಇಳಿಸಲು ನಾಚಿ, ಕಿವಿ ತುರಿಸಿಕೊಂಡವನಂತೆ ಮುಂದೆ ನಡೆದ.

ಹಾಗಾದರೆ ಪೆಟ್ಟಿಗೆ ಸತ್ತಿರಲಿಲ್ಲ. ಇದು ಮೊದಲು ಹೊಳೆದದ್ದೇ ಒಂದು ಬಗೆಯ ಹಗುರವಾಗಿ. ಕಿವಿ ಹೋದದ್ದರ ದುಃಖ ಇನ್ನೂ ಅವನನ್ನು ಮುಟ್ಟಿರಲಿಲ್ಲ; ಅದಕ್ಕಿಂತ ಮೊದಲೇ, ಬುರ್ಹಾನುದ್ದೀನನಿಗೆ ಹೇಳಲು ತನಗೊಂದು ಮಾತು ಸಿಕ್ಕಿತು ಎಂಬ ಆತುರ ಹಿಡಿಯಿತು. ಬಸ್ ಸ್ಟ್ಯಾಂಡಿನಲ್ಲಿ ಮಾನ್ವಿಯ ಬಸ್ಸು ಹೊರಟು ನಿಂತಿದ್ದರೂ, ದೇವದುರ್ಗದ ಮೇಲೆ ಜಾಲಹಳ್ಳಿಗೆ ಹೋಗುವ ಬಸ್ಸು ಹತ್ತಿ ಕೂತ. ದಾರಿಯುದ್ದಕ್ಕೂ ಆ ಮಾತನ್ನು ತಿದ್ದಿ ತೀಡಿದ. ತಪ್ಪು ನಿನ್ನ ಕೈಯದಲ್ಲ, ನನ್ನ ಕಿವಿಯದು. ಹೀಗೆ ಹೇಳಿದರೆ ಬುರ್ಹಾನುದ್ದೀನ ಒಂದು ಕ್ಷಣ ಮುಖ ನೋಡಿ, ಆಮೇಲೆ ಹೆಗಲ ಮೇಲೆ ಕೈ ಹಾಕುತ್ತಾನೆ. ಅಯ್ಯೋ ಎನ್ನುತ್ತಾನೆ. ಮನೆಗೆ ಕರಕೊಂಡು ಹೋಗಿ ಊಟ ಹಾಕಿಸುತ್ತಾನೆ. ಕಿವಿ ಕೆಟ್ಟದ್ದು ಈಗ, ಇಷ್ಟು ಸರಿಯಾದ ಹೊತ್ತಿಗೆ ಗೊತ್ತಾದದ್ದು ಒಳ್ಳೆಯದೇ ಆಯಿತು ಎಂದೂ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಿ, ಕಿಟಕಿಯಾಚೆ ಬಿಸಿಲಲ್ಲಿ ಒಣಗಿನಿಂತ ಜೋಳದ ದಂಟುಗಳನ್ನು ನೋಡುತ್ತ ಕೂತ.

ಮನೆಯ ಬಾಗಿಲಲ್ಲಿ ಬುರ್ಹಾನುದ್ದೀನನ ಹೆಂಡತಿ ಖಾಸಿಂ ಬೀ ಸಿಕ್ಕಳು. "ಬರ್ರಿ ಅಣ್ಣಾರ, ಇದೇನು ಹಿಂಗ ಒಮ್ಮಿಂದೊಮ್ಮಿಗೆ" ಎಂದು ತಲೆಯ ಮೇಲಿನ ಸೆರಗು ಎಳೆದುಕೊಂಡಳು. "ಅವರು ಅಡ್ಡ್ಯಾಗ ಅದಾರ. ಎರಡು ದಿನದಿಂದ ಮಾತಿಲ್ಲ ಕತಿಯಿಲ್ಲ. ಏನಾಗ್ಯದ ಅಂತ ನೀವರ ಕೇಳ್ರಿ." ಅಡ್ಡೆಯಲ್ಲಿ ಬುರ್ಹಾನುದ್ದೀನ ದಿಮ್ಮಿಗಳಿಗೆ ಸುಣ್ಣದಿಂದ ಗುರುತು ಹಾಕುತ್ತಿದ್ದ. ಸಂಜೆಯ ಬಿಸಿಲು, ಕೊಯ್ದ ಕಟ್ಟಿಗೆಯ ವಾಸನೆ. ಗೆಳೆಯನನ್ನು ನೋಡಿ ಬೆನ್ನು ನೆಟ್ಟಗೆ ಮಾಡಿದ, ಅಷ್ಟೆ.

"ಏನಲೇ, ಇಲ್ಲೀತನ?"

"ಆ ಪೆಟ್ಟಿಗಿ ಕೆಟ್ಟಿಲ್ಲ, ಬುರ್ಹಾನ್. ನನ್ನ ಕಿವಿ ಕೆಟ್ಟದ. ಎಡದ್ದು ಒಟ್ಟ ಕೇಳಂಗಿಲ್ಲ. ಇವತ್ತು ರಾಯಚೂರಾಗ ಗೊತ್ತಾತು."

ಬುರ್ಹಾನುದ್ದೀನ ಸುಣ್ಣದ ಬಟ್ಟಲು ಕೆಳಗಿಟ್ಟು, ಅವನ ಸುತ್ತ ನಡೆದು ಎಡಮಗ್ಗುಲಿಗೆ ಬಂದು ನಿಂತ. ಒಂದಿಷ್ಟು ಹೊತ್ತು ಸುಮ್ಮನಿದ್ದ ಹಾಗಿತ್ತು. ವಿರೂಪಣ್ಣ ತಿರುಗಿ ನೋಡಿದರೆ ಅವನ ತುಟಿ ಆಗತಾನೇ ಆಡಿ ನಿಂತಂತಿತ್ತು. "ಏನಂದಿ?" ಎಂದ ವಿರೂಪಣ್ಣ. "ಏನಿಲ್ಲ" ಎಂದ ಬುರ್ಹಾನುದ್ದೀನ, ಬಲಕ್ಕೆ ಬಂದು. "ಖರೇನ ಹೋಗ್ಯದ." ಅವನ ಮುಖದಲ್ಲಿ ಕನಿಕರ ಬಂತು, ಬಂದು ಹೋಯಿತು. "ಡಾಕ್ಟರಿಗೆ ತೋರ್ಸು. ಕಿವಿ ಯಾರದರ ಹೋಗ್ತದ, ಅದಕ್ಕೇನು. ಆದ್ರ, ಪರಿಚಯದ ಬಡಗಿ ಅಂದ್ಯಲ್ಲ, ಅದನ್ನ ನಿನ್ನ ಬಾಯಿಂದ ಯಾವ ಕಿವಿ ಅನಸ್ತು?"

ದಾರಿಯುದ್ದಕ್ಕೂ ಉಡಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಅಲ್ಲಿಗೆ ಮುಗಿದಿತ್ತು. ವಿರೂಪಣ್ಣ ದಿಮ್ಮಿಯೊಂದರ ಮೇಲೆ ಕೂತ. ಹೈದರಾಬಾದಿನವನ ಬೆಳ್ಳಗಿನ ಸಫಾರಿ ಕಣ್ಣ ಮುಂದೆ ಬಂತು. "ಅವನ ಮುಂದ ಸಣ್ಣವ ಆಗ್ತೀನಿ ಅನಿಸ್ತು" ಎಂದ.

"ನಮ್ಮಪ್ಪ ಬಡಗಿ. ಅದಕ್ಕ ನನಗ ನಾಚಿಕಿ ಇಲ್ಲ. ನನ್ನ ಸಲುವಾಗಿ ನಿನಗ ನಾಚಿಕಿ ಬಂತು ನೋಡು, ಅದು ಎದಿಗೆ ಹತ್ತಿತು ನನಗ."

"ಹೊಸಾ ಸೆಟ್ ತಗೊಳ್ಳಂಗಿಲ್ಲ ನಾನು. ಅವೇ ಪೆಟ್ಟಿಗಿ ಇರ್ಲಿ. ನಾ ಇರೋತನ ಅವೇ ಇರ್ಲಿ."

ಇದನ್ನು ಅವನು ನಿಜವಾಗಿಯೂ ಎದೆಯಿಂದ ಹೇಳಿದ್ದ. ಕಣ್ಣು ಕೂಡ ತೇವವಾಗಿತ್ತು. ಆದರೆ ಬುರ್ಹಾನುದ್ದೀನ ಮೊದಲ ಸಲ ದನಿ ಏರಿಸಿದ. "ಯಾಕ? ನನ್ನ ಮ್ಯಾಲೆ ಉಪಕಾರ ಮಾಡ್ತೀಯೇನು? ಆ ಪೆಟ್ಟಿಗಿ ಮಾಡಿದವ ನಾನು. ಅವು ಎಷ್ಟರಮಟ್ಟಿನವು ಅಂತ ನನಗ ಗೊತ್ತಿಲ್ಲೇನು? ಸಲಾವುದ್ದೀನನ ಆ ಪರದೆ ಕೋಣ್ಯಾಗ ನಾನೂ ಕುಂತು ಬಂದೀನಿ, ಹ್ವಾದ ವರ್ಷ. ಹಾಡಾವ ಉಸಿರು ತಗೊಳ್ಳೋದು ಕೇಳಿಸ್ತಲೇ. ತಾನ ಮುಗಿಸಿ ಸುಮ್ಮಾಗೋಮುಂದ ಉಗುಳ ನುಂಗೋದು ಕೇಳಿಸ್ತು. ಮನಿಗೆ ಬಂದು ಆವತ್ತು ಊಟ ಸೇರ್ಲಿಲ್ಲ ನನಗ. ನಿನಗ ಹೇಳ್ಲಿಲ್ಲ. ಹೇಳಿದ್ರ ನೀ ಕೊಳ್ಳಾವ, ನಾ ಬೇಡಿ ಕೊಡಿಸಿಕೊಂಡಂಗ ಆಗ್ತಿತ್ತು. ಈಗ ನಿನ್ನ ಕಿವಿ ಹೋತಂತ ನನ್ನ ಕಿವಿಗೂ ಉಪವಾಸ ಹಾಕ್ತೀಯೇನು?"

ಇಷ್ಟು ವರ್ಷ ಗೋಡೆಗೊರಗಿ ಕೂತು, ಪ್ರತಿ ಭಾನುವಾರ ವಾಹ್ ಅನ್ನುತ್ತಿದ್ದ ಈ ಮನುಷ್ಯ ಒಳಗೊಳಗೇ ಇನ್ನೊಂದು ದನಿಗಾಗಿ ಹಸಿದಿದ್ದ. ವಿರೂಪಣ್ಣನಿಗೆ ಅದರ ಸುಳಿವೇ ಹತ್ತಿರಲಿಲ್ಲ. "ಈ ಐತಾರ ಹಾಡು ಕೇಳಾಕ ಬರ್ತೀಯೇನು?" ಎಂದ. "ಮೊದ್ಲು ಸೆಟ್ ತಗೋ. ಆಮ್ಯಾಲೆ ನೋಡೋಣು" ಎಂದು ಬುರ್ಹಾನುದ್ದೀನ ಮತ್ತೆ ಸುಣ್ಣದ ಬಟ್ಟಲು ಎತ್ತಿಕೊಂಡ. ಊಟಕ್ಕೆ ಏಳು ಎನ್ನಲಿಲ್ಲ. ಖಾಸಿಂ ಬೀ ಕರೆದಳು, ಚಹಾ ಕೊಟ್ಟಳು.

ಮರುದಿನ ಬೆಳಿಗ್ಗೆ ಅಡಿಗೆಮನೆಯಲ್ಲಿ ತಾಟಿನ ಮುಂದೆ ಕೂತಾಗ ವಿರೂಪಣ್ಣ ಹೆಂಡತಿಯನ್ನೇ ನೋಡಿದ. ಒಲೆ ಅವನ ಎಡಕ್ಕಿತ್ತು. ಶಿವಬಸಮ್ಮ ರೊಟ್ಟಿ ತೆಗೆದುಕೊಂಡು, ಅವನ ಬೆನ್ನ ಹಿಂದಿನಿಂದ ಸುತ್ತಿ ಬಲಕ್ಕೆ ಬಂದು ಬಡಿಸಿ, ಇನ್ನೊಂದು ಹಾಕ್ಲೇನ್ರಿ ಎಂದಳು. ಮತ್ತೆ ಸುತ್ತಿ ಒಲೆಗೆ ಹೋದಳು. ಮತ್ತೆ ಬಲಕ್ಕೆ ಬಂದಳು.

"ಯಾವಾಗಿಂದ ಗೊತ್ತಿತ್ತು ನಿನಗ?" ಎಂದ.

ಅವಳು ಏನು ಎಂದು ಕೇಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, "ಹ್ವಾದ ವರ್ಷದ ಹಿಂದಿನ ವರ್ಷ. ಒಂದಿನ ಎಡಗಡೆ ನಿಂತು ಬಾಯಿಗೆ ಬಂದಂಗ ಬೈದೆ. ನೀವು ಪೇಪರ್ ಓದಕೋಂತ ನಕ್ರಿ" ಎಂದಳು.

"ಮತ್ತ ಹೇಳ್ಲಿಲ್ಲಲ್ಲ?"

"ಒಂದೆರಡು ಸಲ ಹೇಳೀನ್ರಿ. ನೀವು ಪೆಟ್ಟಿಗಿ ಕೆಟ್ಟದ ಅಂದ್ರಿ. ಆಮ್ಯಾಲೆ ಬಿಟ್ಟೆ." ರೊಟ್ಟಿ ತಾಟಿಗೆ ಹಾಕಿ, ನಗು ತಡೆದುಕೊಂಡು, "ಬೈಯಾಕ ನನಗೂ ಒಂದು ಜಾಗಾ ಬೇಕಲ್ರಿ" ಎಂದಳು. ವಿರೂಪಣ್ಣ ನಗಲು ಹೋದ. ರೊಟ್ಟಿ ಗಂಟಲಲ್ಲಿ ನಿಂತು ಕೆಮ್ಮು ಬಂತು. ಆಮೇಲೆ ಕೆಮ್ಮಿಲ್ಲದೆಯೂ ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು, ಕಿವಿಯ ದುಃಖ ಅವನನ್ನು ಮುಟ್ಟಿದ್ದು ಆಗ. ಶಿವಬಸಮ್ಮ ಚೆರಿಗೆಯ ನೀರು ಮುಂದಿಟ್ಟು ಬಲಗಡೆಯೇ ಕೂತಳು.

ರಾಯಚೂರಿನ ಕಿವಿಯ ಡಾಕ್ಟರು ಸಣ್ಣ ದೀಪ ಹಾಕಿ ನೋಡಿ, ನರ ಸತ್ತಿದೆ, ಮರಳಿ ಬರುವಂಥದಲ್ಲ, ಬಲದ್ದನ್ನು ಉಳಿಸಿಕೊಳ್ಳಿ, ಇಂಜಿನ್ನಿನ ಹತ್ತಿರ ಕೂಡಬೇಡಿ ಎಂದರು. ದವಾಖಾನೆಯಿಂದ ಸಲಾವುದ್ದೀನನ ಅಂಗಡಿಗೆ ನಾಲ್ಕು ಹೆಜ್ಜೆ. ವಿರೂಪಣ್ಣ ಅದರ ಮುಂದೆ ಹಾದು ತಿರುವಿನವರೆಗೆ ಹೋದ, ಹೊರಳಿ ಬಂದ, ಮತ್ತೆ ಹಾದುಹೋದ. ತಾನು ಕೇಳಲಾರದ್ದನ್ನು ತಾನು ಯಾಕೆ ಕೊಳ್ಳಬೇಕು? ಇನ್ನೊಬ್ಬನ ಕಿವಿಗೆ ತನ್ನ ಮನೆಯಲ್ಲಿ ಹಬ್ಬ. ತಾನು ಅರ್ಧ ಕಿವಿ ಹೊತ್ತು ಅದರ ಯಜಮಾನನಾಗಿ ಕೂಡಬೇಕು. ಬುರ್ಹಾನುದ್ದೀನ ಕಣ್ಣು ಮುಚ್ಚಿ ತಲೆದೂಗುವುದನ್ನು ಈಗಲೇ ಕಂಡಂತಾಗಿ, ಹೊಟ್ಟೆಕಿಚ್ಚಿನಿಂದ ಹೆಜ್ಜೆ ಬಿರುಸು ಮಾಡಿದ. ಮುಂದಿನ ವರ್ಷ ನೋಡೋಣ ಅನ್ನಬಹುದಿತ್ತು. ಕಿವಿಯ ಚಿಂತೆಯಲ್ಲಿದ್ದೇನೆ ಎಂದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಅದು ಎಷ್ಟು ಸಲೀಸಾದ ನೆಪವೆಂದರೆ ಅದರ ಸಲೀಸಿಗೇ ಅವನಿಗೆ ಹೇಸಿಗೆಯಾಯಿತು. ಕಿವಿ ಇನ್ನು ಮೇಲೆ ತನ್ನ ಎಲ್ಲ ಸಣ್ಣತನಕ್ಕೂ ಕೊಡೆ ಹಿಡಿಯುತ್ತದೆ ಎಂದು ಹೆದರಿಕೆಯಾಯಿತು. ಮೂರನೆಯ ಸಲ ಹಾಯುವಾಗ ಸಲಾವುದ್ದೀನನೇ ಮೆಟ್ಟಿಲಿಳಿದು ಬಂದು, "ಏನ್ರಿ ಸಾವ್ಕಾರ್ರ, ಏನು ವಿಚಾರ ಮಾಡಿದ್ರಿ?" ಎಂದ. "ಕಟ್ಟು" ಎಂದ ವಿರೂಪಣ್ಣ. ಬೇರೊಬ್ಬನ ಬಾಯಿಂದ ಬಂದಂತಿತ್ತು ಮಾತು.

ಭಾನುವಾರ ಮಧ್ಯಾಹ್ನ ಶರಣಯ್ಯ ಮಾಸ್ತರರು ಮೊದಲು ಬಂದು, ಕಪ್ಪು ಸ್ಪೀಕರುಗಳ ಸುತ್ತ ಎರಡು ಸಲ ತಿರುಗಿದರು. ಸಾಗುವಾನಿ ಪೆಟ್ಟಿಗೆಗಳನ್ನು ಶಿವಬಸಮ್ಮ ಅಡಿಗೆಮನೆಯ ರೇಡಿಯೋಕ್ಕೆಂದು ಕೆಳಗೆ ಇಳಿಸಿಕೊಂಡಿದ್ದಳು. ದೇವದುರ್ಗದ ಬಸ್ಸಿನ ಹೊತ್ತು ಮೀರಿತು. ವಿರೂಪಣ್ಣ ಕಿಟಕಿಗೆ ಹೋಗಿ ಬಂದು ಮಾಡುತ್ತಿದ್ದ. ಮೆಟ್ಟಿಲ ಮೇಲೆ ಸಪ್ಪಳವಾದದ್ದು ಅವನಿಗೆ ಕೇಳಲಿಲ್ಲ. ಮಾಸ್ತರರು ಬಾಗಿಲ ಕಡೆ ನೋಡಿದ್ದು ನೋಡಿ ತಿರುಗಿದ. ಬುರ್ಹಾನುದ್ದೀನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಂತಿದ್ದ, ಮದುವೆಗೆ ಬಂದವರ ಹಾಗೆ. ಹಳೆಯ ರೂಢಿಯಂತೆ ಗೋಡೆಗೊರಗಿ ನೆಲದ ಮೇಲೆ ಕೂಡಲು ಹೋದವನ ರಟ್ಟೆ ಹಿಡಿದು ವಿರೂಪಣ್ಣ ತನ್ನ ಕುರ್ಚಿಯಲ್ಲಿ, ಎರಡು ಸ್ಪೀಕರುಗಳ ಸರಿ ನಡುವೆ ಕೂಡಿಸಿದ. ತಾನು ಬೆತ್ತದ ಮೋಡಾ ಎಳೆದುಕೊಂಡು ಅವನ ಎಡಕ್ಕೆ ಕೂತ. ವಾರವಿಡೀ ಬಾಯಲ್ಲಿ ಹೊರಳಾಡಿಸಿದ ಮಾತು ಹೊರಬರುವಾಗ ಒಣಗಿಹೋಗಿತ್ತು.

"ಮಾಸ್ತರ, ಆವತ್ತು ನಿಮ್ಮ ಹೈದರಾಬಾದಿನವರ ಮುಂದ ನಾ ಪರಿಚಯದ ಬಡಗಿ ಅಂದೆ. ಇವ ನನ್ನ ಗೆಳೆಯ. ಆ ಪೆಟ್ಟಿಗಿ ಇವ ತನ್ನ ಕೈಲೆ ಮಾಡಿದ್ದು. ಅವು ಚೊಲೋ ಇದ್ವು. ನನ್ನ ಎಡಗಿವಿ ಹೋಗ್ಯದ. ಅವರು ಬಂದಾಗ ನೀವು ಇದನ್ನ ಹೇಳ್ಬೇಕು."

"ಕಿವಿ? ಯಾವಾಗಿಂದ ರೀ?" ಎಂದು ಮಾಸ್ತರರು ಆಗಲೇ ದನಿ ಏರಿಸಿಬಿಟ್ಟಿದ್ದರು, ಹಳ್ಳಿಯಿಂದ ಬಂದ ಮುದುಕರನ್ನು ಮಾತಾಡಿಸುವ ಹಾಗೆ. ಇನ್ನು ಮುಂದೆ ಎಲ್ಲರೂ ಹೀಗೇ. ವಿರೂಪಣ್ಣನ ಮುಖ ಬಿಸಿಯಾಯಿತು. ಬುರ್ಹಾನುದ್ದೀನ ಇಬ್ಬರ ಕಡೆಗೂ ನೋಡದೆ, "ರೆಕಾರ್ಡ್ ಹಚ್ಚು ಲೇ" ಎಂದ.

ವಿರೂಪಣ್ಣ ಹಚ್ಚಿದ. ಬಲಗಡೆಯಿಂದ ಸಾರಂಗಿ ಎದ್ದಿತು, ನಡುವೆ ಎಲ್ಲೋ ಮನುಷ್ಯನ ದನಿ ನಿಂತುಕೊಂಡಿತು. ಬುರ್ಹಾನುದ್ದೀನನ ತಲೆ ನಿಧಾನವಾಗಿ ಎಡಕ್ಕೆ ತಿರುಗಿತು. ಅಲ್ಲಿ ಯಾರೋ ಬಂದು ನಿಂತದ್ದನ್ನು ಕಂಡವನಂತೆ ಬಾಯಿ ಅರ್ಧ ತೆರೆದಿತ್ತು. ಆಮೇಲೆ ಕಣ್ಣು ಮುಚ್ಚಿದ. ವಿರೂಪಣ್ಣ ಆ ಮುಖವನ್ನೇ ನೋಡುತ್ತಿದ್ದ. ಅಲ್ಲಿ ಏನೋ ಬಂದು ಹೋಗುತ್ತಿತ್ತು, ಬಂದದ್ದು ಇವನಿಗೆ ಮುಟ್ಟುತ್ತಿರಲಿಲ್ಲ. ತಡೆಯಲಾರದೆ ಬಗ್ಗಿ, "ಎಡಕ್ಕ ಏನು ಬರಾಕತ್ತದ?" ಎಂದ.

ಬುರ್ಹಾನುದ್ದೀನ ಕಣ್ಣು ತೆರೆಯಲಿಲ್ಲ. ಸುಮ್ಮನಿರು ಎನ್ನುವಂತೆ ಕೈ ಎತ್ತಿದ. ತನ್ನ ಮನೆಯಲ್ಲಿ ತನ್ನನ್ನು ಸುಮ್ಮನಾಗಿಸಿದ ಆ ಕೈಯನ್ನು ವಿರೂಪಣ್ಣ ನೋಡಿದ; ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣವಿತ್ತು. ಬಾಯಿ ಮುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಆ ಕೈ ಕೆಳಗಿಳಿಯಿತು, ಇಳಿದು ವಿರೂಪಣ್ಣನ ಮೊಣಕಾಲ ಮೇಲೆ ಬಿತ್ತು. ಮರೆತು ಇಟ್ಟನೋ, ತಿಳಿದು ಇಟ್ಟನೋ, ಮುಖ ನೋಡಿದರೆ ಗೊತ್ತಾಗುವಂತಿರಲಿಲ್ಲ. ಬೆರಳುಗಳು ಮೊಣಕಾಲ ಮೇಲೆ ಮೆಲ್ಲಗೆ, ಆಮೇಲೆ ಜೋರಾಗಿ, ಎಡಕ್ಕೆ ಬರುತ್ತಿದ್ದ ತಬಲಾದ ಪೆಟ್ಟು ಹಾಕತೊಡಗಿದವು. ವಿರೂಪಣ್ಣ ಕಾಲು ಅಲುಗಿಸದೆ ಕೂತ.